ಟ್ಯಾಬಿಗೂ ಒಂದು ಪರಿಮಾಣ

ನಮ್ಮ ಜೈನ ಗೃಹಸ್ಥರಿಗೆ ಹೇಳಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳಂತೆ ಎಲ್ಲ ತೊರೆದು ಪಿಂಛಿ, ಕಮಂಡಲು ಹಿಡಿದು ಹೊರಡಬೇಕಿಲ್ಲ. ಹೊಲ, ಚಿನ್ನ, ದವಸ ಇಷ್ಟೇ ಸಾಕು ಎಂದು ಮೊದಲೇ ಗೆರೆ ಹಾಕಿಕೊಳ್ಳಬೇಕು. ಈ ವ್ರತ ಬ್ರೌಸರಿನ ಟ್ಯಾಬುಗಳಿಗೂ ಸಲ್ಲುತ್ತದೆಯೇ?

ಸಲ್ಲುತ್ತದೆ ಎಂದೇ ನನ್ನ ನಂಬಿಕೆ. ನಾನು ಕರಡು ತಿದ್ದುವ ಲ್ಯಾಪ್‌ಟಾಪಿಗೆ ಇರುವುದು 4 ಜಿಬಿ ರ‍್ಯಾಮ್. ಒಂದು ಪುಟ ಕೆಟ್ಟರೆ ಇನ್ನೊಂದು ಉಳಿಯಲೆಂದು ಕ್ರೋಮ್ ಸಾಮಾನ್ಯವಾಗಿ ಬೇರೆ ಬೇರೆ ತಾಣಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಾಗಿ ನಡೆಸುತ್ತದೆ. ಅದಕ್ಕೆ ತೆರುವ ಬೆಲೆ ಮೆಮೊರಿ. ಕ್ರೋಮ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಲೆಕ್ಕ ಸಾಲಾಗಿ ಕಾಣುತ್ತದೆ: ನಿಘಂಟಿನ ಪುಟ, ಶಾಸನದ ಚಿತ್ರ, ಎಂದಾದರೂ ಓದೋಣವೆಂದು ಇಟ್ಟ ಲೇಖನ, ಪ್ರತಿಯೊಂದರ ಎದುರೂ ಅದು ಹಿಡಿದಿರುವ ಜಾಗ.

2022ರ ಕೊನೆಯಲ್ಲಿ ಕ್ರೋಮ್‌ಗೆ ಬಂದ ಮೆಮೊರಿ ಸೇವರ್ ಎಂಬ ಸೌಲಭ್ಯ, ಸುಮ್ಮನೆ ಬಿದ್ದಿರುವ ಟ್ಯಾಬನ್ನು ರ‍್ಯಾಮ್‌ನಿಂದ ಇಳಿಸುತ್ತದೆ. ಹೆಸರು ಮೇಲೆ ಹಾಗೇ ಉಳಿಯುತ್ತದೆ, ಒತ್ತಿದರೆ ಪುಟ ಮತ್ತೆ ಲೋಡ್ ಆಗುತ್ತದೆ. ಯಂತ್ರ ಹಗುರಾಯಿತು, ಸರಿ. ಮನಸ್ಸು? ತತ್ತ್ವಾರ್ಥಸೂತ್ರ ಬರೆದ ಉಮಾಸ್ವಾಮಿಗಳು ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನಲ್ಲಲ್ಲ, ಅದರ ಮೇಲಿನ ಮಮತೆಯಲ್ಲಿ. ಮಲಗಿದ ಟ್ಯಾಬಿನ ಮೇಲೂ ಆ ಹಿಡಿತ ಸಡಿಲವಾಗಿರುವುದಿಲ್ಲ. ಹಾಗಾಗಿ ಕೆಲಸಕ್ಕೆ ಕೂರುವ ಮುನ್ನವೇ ಹತ್ತು ಟ್ಯಾಬು ಎಂದು ಮಿತಿ ಇಟ್ಟುಕೊಂಡಿದ್ದೇನೆ. ಹನ್ನೊಂದನೆಯದು ಬೇಕಾದರೆ ಒಂದನ್ನು ಮುಚ್ಚುತ್ತೇನೆ, ಬುಕ್‌ಮಾರ್ಕ್ ಕೂಡ ಮಾಡದೆ.