ಬಚ್ಚಲಿನ ನಲ್ಲಿ ಯಾರ ಕೈಗೆ?

ನಮ್ಮ ಬಾವಲಿ ಕಡೆ ಈಗ ಹೊಸ ಮನೆ ಕಟ್ಟುವವರು ಬಚ್ಚಲಿಗೆ ಬಾತ್‌ರೂಮ್ ಅನ್ನುತ್ತಾರೆ. ಹಂಡೆ ಹೋಗಿ ಗೀಸರ್ ಬಂತು, ಚೊಂಬು ಹೋಗಿ ಶವರ್ ಬಂತು. ಇದರಲ್ಲಿ ತಪ್ಪೇನೂ ಇಲ್ಲ. ಹೊಗೆ ಕುಡಿದು ಸೌದೆ ಒಲೆ ಊದಿದ ಹೆಂಗಸರನ್ನು ಕೇಳಿ ನೋಡಿ, ಹಂಡೆ ಹೋಯಿತಲ್ಲಾ ಅಂತ ಅಳುವವರು ಸಿಗಲಿಕ್ಕಿಲ್ಲ. ನನ್ನ ಪ್ರಶ್ನೆ ಬೇರೆ. ಆ ಶವರಿಗೊಂದು ನಲ್ಲಿ ಆರಿಸುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು?

ಅಂಗಡಿಯಲ್ಲಿ ನಾವು ಮೂರು ಮಾತು ಕೇಳುತ್ತೇವೆ: ರೇಟು ಎಷ್ಟು, ಯಾವ ಕಂಪನಿ, ಎಷ್ಟು ವರ್ಷ ಗ್ಯಾರಂಟಿ. ಕೇಳಬೇಕಾದ್ದೇ. ಆದರೆ ದುಡ್ಡು ಕೊಡುವವನು ಒಬ್ಬ, ದಿನಾ ತಿರುಗಿಸುವವರು ಮನೆಮಂದಿಯೆಲ್ಲ. ಕೊಳ್ಳಲು ಹೋಗುವವನು ಸಾಮಾನ್ಯವಾಗಿ ಮನೆಯಲ್ಲಿ ಗಟ್ಟಿ ಕೈ ಇರುವವನೇ. ಅವನ ಕೈಗೆ ಎಲ್ಲ ನಲ್ಲಿಯೂ ಸಲೀಸು. ಕೀಲುನೋವಿನ ಅಜ್ಜಿಗೆ ಉರುಟು ಹಿಡಿಯ ನಲ್ಲಿ, ಅದೂ ಸೋಪಿನ ಕೈಯಲ್ಲಿ, ತಿರುಗುವುದೇ ಇಲ್ಲ. ಅವಳು ಅದನ್ನು ಯಾರಿಗೂ ಹೇಳುವುದೂ ಇಲ್ಲ. ಸೊಸೆಯನ್ನು ಕೂಗಬೇಕು, ಇಲ್ಲವೇ ಸ್ನಾನ ಮುಂದೂಡಬೇಕು. ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟು ಉದ್ದ ಹಿಡಿಯ, ಕಾಲು ಸುತ್ತಿಗೆ ತೆರೆಯುವ ನಲ್ಲಿ ತಂದಿದ್ದರೆ ಅವಳು ತನ್ನ ಬಾಗಿಲು ತಾನೇ ಹಾಕಿಕೊಂಡು ಮೀಯಬಹುದಿತ್ತು. ಮಾನ ಅನ್ನುವುದು ಇಂಥ ಸಣ್ಣ ಜಾಗದಲ್ಲೂ ಇರುತ್ತೆ ನೋಡಿ.

ಬಿಸಿನೀರಿನ ವಿಷಯವೂ ಹಾಗೆಯೇ. 60 ಡಿಗ್ರಿ ಕಾದ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳದ್ದು ಇನ್ನೂ ಬೇಗ. ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ ಅನ್ನುವ ರೂಢಿಯನ್ನು ಪೈಪು ಜೋಡಿಸುವಾಗ ತಪ್ಪಿಸಿದರೆ, ಓದಲು ಬಾರದ ಮಗು ಅದನ್ನು ಮೈಮೇಲೆಯೇ ಕಲಿಯಬೇಕಾಗುತ್ತದೆ.

ಹಾಗಾದರೆ ಎಲ್ಲರಿಗೂ ಸುಲಭವಾದದ್ದನ್ನು ತಂದರೆ ಮುಗಿಯಿತಾ? ಇಲ್ಲ. ಇಲ್ಲಿ ಇನ್ನೊಂದು ತೊಡಕು ಇದೆ.

ಪುಲ್ಪಳ್ಳಿ ಕಡೆ ಪಾಕ್ಕಂನಲ್ಲಿ ಮುಳ್ಳುಕುರುಮರ ಕೇಣಿ ಇದೆ. ತಾಳೆ ಜಾತಿಯ ಮರದ ದಪ್ಪ ಬುಡವನ್ನು ಬಹುಕಾಲ ನೀರಲ್ಲಿ ನೆನೆಹಾಕಿ, ಒಳತಿರುಳು ಕೊಳೆತ ಮೇಲೆ ಟೊಳ್ಳಾದ ಕಾಂಡವನ್ನು ಊಟೆಯ ಮೇಲೆ ಇಳಿಸಿ ಮಾಡಿದ ಪುಟ್ಟ ಬಾವಿ ಅದು. ಮೊಗೆದು ಕೊಡದಲ್ಲಿ ತುಂಬಿಕೊಂಡು ಹೋಗಬೇಕು. ಕೊಡ ತುಂಬಿದ ಮೇಲೆ ಮುಗಿಯಿತು. ನಮ್ಮ ಹಂಡೆಯೂ ಹಾಗೇ ಇತ್ತು, ತಳ ಕಂಡಿತೆಂದರೆ ಸ್ನಾನ ಮುಗಿಯಿತು. ಸಾಕು ಅನ್ನುವ ಮಾತನ್ನು ನಮಗಾಗಿ ಪಾತ್ರೆಯೇ ಹೇಳುತ್ತಿತ್ತು. ನಲ್ಲಿಗೆ ತಳ ಇಲ್ಲ. ಸಾಕು ಅಂತ ನಾವೇ ಹೇಳಬೇಕು, ಅದೂ ಬೆಚ್ಚನೆಯ ನೀರು ಬೆನ್ನ ಮೇಲೆ ಬೀಳುತ್ತಿರುವಾಗ!

ಲೆಕ್ಕ ಹಾಕೋಣ. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರಿನ ಕೆಳಗೆ 8 ನಿಮಿಷ ನಿಂತರೆ 80 ಲೀಟರ್, ಅಂದರೆ ನಾಲ್ಕು ದೊಡ್ಡ ಬಕೆಟ್. 2019ರಲ್ಲಿ ಶುರುವಾದ ಜಲಜೀವನ್ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕು ಅಂದದ್ದು 55 ಲೀಟರ್. ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ. ಒಬ್ಬರ ಒಂದು ಸ್ನಾನ ಇನ್ನೊಬ್ಬರ ಇಡೀ ದಿನವನ್ನು ಮೀರಿತು.

‘ನನ್ನ ಬಾವಿ, ನನ್ನ ಮೋಟಾರು, ನನ್ನ ಕರೆಂಟು ಬಿಲ್ಲು, ನಿಮಗೇನು?’ ಅನ್ನಬಹುದು. ಮೋಟಾರಿಗೆ ದುಡ್ಡು ಕೊಟ್ಟಿದ್ದೇವೆ ನಿಜ. ನೀರಿಗೆ ಯಾರಿಗೆ ಕೊಟ್ಟೆವು? ನೆಲದಡಿಯ ನೀರಿಗೆ ನಮ್ಮ ಬೇಲಿ ಗೊತ್ತಿಲ್ಲ, ಚೆಕ್‌ಪೋಸ್ಟೂ ಗೊತ್ತಿಲ್ಲ. ಕೇರಳದ ಹೆಚ್ಚಿನ ಹೊಳೆಗಳು ಪಡುವಣಕ್ಕೆ ಹೋದರೆ ನಮ್ಮ ಕಬಿನಿ ಮೂಡಣಕ್ಕೆ ಹರಿದು ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತಾಳೆ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಕೇರಳಕ್ಕೆ 30 ಟಿಎಂಸಿ ಹಂಚಿತು, ಅದರಲ್ಲಿ 21 ಕಬಿನಿ ಕೊಳ್ಳದ್ದು. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ಟೀ ಅಂಗಡಿಯಲ್ಲಿ ಕೂತು ಆ ರಾಜ್ಯ ಎಷ್ಟು ತಗೊಂಡಿತು, ಈ ರಾಜ್ಯ ಎಷ್ಟು ಬಿಟ್ಟಿತು ಅಂತ ವಾದ ಮಾಡುವ ನಮಗೆ ನಮ್ಮ ಮನೆಯ ಶವರ್ ನಿಮಿಷಕ್ಕೆ ಎಷ್ಟು ಸುರಿಯುತ್ತೆ ಅಂತ ಗೊತ್ತಿರಬೇಡವೇ?

ಹಾಗಂತ ‘ಒಂದು ಬಕೆಟ್ ಸಾಕು, ಶವರೆಲ್ಲ ದೌಲತ್ತು’ ಅನ್ನುವವರ ಜೊತೆಗೂ ನಾನಿಲ್ಲ. ಮಂಡಿ ಮಡಿಸಲಾಗದ ಮುದುಕನಿಗೆ ಬಗ್ಗಿ ಬಕೆಟಿನಿಂದ ಮೊಗೆಯುವುದೇ ಶಿಕ್ಷೆ. ಅವನು ಸ್ಟೂಲಿನ ಮೇಲೆ ಕೂತು ಕೈಯಲ್ಲಿ ಹಿಡಿಯುವ ಶವರಿನಿಂದ ಮೀಯುವುದು ದೌಲತ್ತಲ್ಲ. ಮಿತವಾಗಿರಿ ಅನ್ನುವ ಉಪದೇಶ ಮೊದಲು ಹೋಗುವುದು ಯಾವಾಗಲೂ ಕಡಿಮೆ ಇದ್ದವರ ಹತ್ತಿರವೇ. ಅರ್ಧ ಆಯುಸ್ಸು ಸೊಂಟದ ಮೇಲೆ ಕೊಡ ಹೊತ್ತವಳು ತನ್ನ ಪಾಲಿನ ಉಳಿತಾಯ ಆಗಲೇ ಮಾಡಿಯಾಗಿದೆ. ಇನ್ನು ಲೆಕ್ಕ ಕೊಡಬೇಕಾದವರು ಹೊರದೆ ಇದ್ದವರು.

ಆದ್ದರಿಂದ ನಲ್ಲಿ ಆರಿಸುವಾಗ ಎರಡು ಧರ್ಮ ಅಂತ ನಾನು ಅಂದುಕೊಂಡಿದ್ದೇನೆ: ಬಲವಿಲ್ಲದ ಕೈಗೆ ಸುಲಭವಾಗಿರಬೇಕು, ಬಲವಿರುವ ಕೈಗೆ ಒಂದು ಮಿತಿ ಇಡಬೇಕು. ಎರಡೂ ಒಟ್ಟಿಗೆ ಸಾಧ್ಯ. ಉದ್ದ ಹಿಡಿ, ಕೈಶವರ್, ಜೊತೆಗೆ ನೀರಿನ ಓಟ ತಗ್ಗಿಸುವ ಪುಟ್ಟ ಬಿಲ್ಲೆ. ನಿಮಿಷಕ್ಕೆ 6 ಲೀಟರಿನಲ್ಲಿ ಮೈ ಚೆನ್ನಾಗಿಯೇ ನೆನೆಯುತ್ತದೆ. ತಟ್ಟೆಯಷ್ಟಗಲದ ಮಳೆ ಶವರಿಗೆ ಮರುಳಾಗುವ ಮೊದಲು ಟ್ಯಾಂಕ್ ನೋಡಿ. 10 ಮೀಟರ್ ಎತ್ತರದಿಂದ ಇಳಿದರೆ ನೀರಿಗೆ ಸುಮಾರು ಒಂದು ಕೆ.ಜಿ. ಒತ್ತಡ. ನಮ್ಮ ಟ್ಯಾಂಕು ಶವರಿಗಿಂತ ಎರಡು ಮೂರು ಮೀಟರ್ ಮೇಲಿರುತ್ತೆ, ಅಷ್ಟೇ. ಅಲ್ಲಿ ಆ ತಟ್ಟೆ ಮಳೆ ಸುರಿಸುವುದಿಲ್ಲ, ತೊಟ್ಟಿಕ್ಕುತ್ತದೆ. ಆಮೇಲೆ ಪ್ರೆಶರ್ ಪಂಪು ತರುತ್ತೀರಿ, ಮಿತಿ ಹಾರಿಹೋಗುತ್ತದೆ. ನೀರಲ್ಲಿ ಮರಳಿದ್ದರೆ ಕಾಲು ಸುತ್ತಿನ ನಲ್ಲಿಯ ಒಳಬಿಲ್ಲೆ ಗೀರಿ ಸೋರಲು ಶುರುವಾಗುತ್ತೆ, ಹಿಂದೊಂದು ಜಾಲರಿ ಹಾಕಿಸಿ. ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ಸುಮಾರು 20 ಲೀಟರ್ ಹೋಯಿತು.

ಮೈಸೂರಿಗೆ ಹೋಗಿ ತರುವುದಾದರೆ ಅವಸರ ಬೇಡ. ಸಂಜೆ 6ಕ್ಕೆ ಕಾಡಿನ ರಸ್ತೆ ಮುಚ್ಚುತ್ತದೆ, ಬದಲಾಯಿಸಲು ಮತ್ತೆ ಒಂದು ದಿನ ಹಾಳು. ಅಂಗಡಿಯಲ್ಲೇ ಮುಷ್ಟಿ ಬಿಗಿದು, ಬೆರಳು ಬಳಸದೆ ಹಿಡಿಯನ್ನು ತಳ್ಳಿ ನೋಡಿ. ತಿರುಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಕೂಡಿಸಿದ ದಿನ ಅಜ್ಜಿಯನ್ನೂ ಮಗುವನ್ನೂ ಕರೆದು ತಿರುಗಿಸಲು ಹೇಳಿ. ಆಮೇಲೆ ಒಂದು ಬಕೆಟ್ ಇಟ್ಟು, ಗಡಿಯಾರ ನೋಡಿ, ಒಂದು ನಿಮಿಷ ಬಿಡಿ. ಬಂದ ಲೀಟರನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ.