ಎಲ್ಲೆಯೊಳಗಿನ ಆಟ

ಆಟಕ್ಕೆ ಅದರಾಚೆಗಿನ ಫಲವೊಂದು ಬೇಕೇ ಎಂಬ ಪ್ರಶ್ನೆಯನ್ನು ವೇದಾಂತವು ಸೃಷ್ಟಿಯ ಸಂದರ್ಭದಲ್ಲಿ ಎತ್ತಿಕೊಂಡಿತು. ಪರಬ್ರಹ್ಮಕ್ಕೆ ಜಗತ್ತಿನಿಂದ ಆಗಬೇಕಾದದ್ದೇನೂ ಇಲ್ಲ, ಆದ್ದರಿಂದ ಸೃಷ್ಟಿ ಕೇವಲ ಲೀಲೆ ಎಂಬುದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಉತ್ತರ. ಶಂಕರರು ಕೊರತೆಯಿಲ್ಲದ ಅರಸನ ವಿಹಾರವನ್ನು ಇದಕ್ಕೆ ನಿದರ್ಶನವಾಗಿ ಕೊಡುತ್ತಾರೆ.

ಮನುಷ್ಯರಿಗೆ ಆ ನಿಶ್ಚಿಂತೆಯಿಲ್ಲ. ಅವರ ಆಟ ದುಡಿಮೆಯ ನಡುವಿನ ಬಿಡುವಿನಲ್ಲಿ ಹುಟ್ಟುತ್ತದೆ. ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರು ಹೋಳಿ ಹುಣ್ಣಿಮೆಯ ಹೊತ್ತಿಗೆ ತುರಾಯಿ ಕಟ್ಟಿ, ಗುಮಟೆ ವಾದ್ಯದ ಬಡಿತಕ್ಕೆ ಮನೆಯಂಗಳಗಳಲ್ಲಿ ಸುಗ್ಗಿ ಕುಣಿಯುತ್ತಾರೆ. ಅದರಲ್ಲಿ ಪೂಜೆ ಎಷ್ಟು, ವಿನೋದ ಎಷ್ಟು ಎಂದು ಬಿಡಿಸಲಾಗದು, ಬಿಡಿಸಲೂಬಾರದು. ವಾರಾಂತ್ಯದಲ್ಲಿ 18 ಕುಳಿಗಳ ಗಾಲ್ಫ್ ಆಡುವವರ ಬಿಡುವೂ ಇಂಥದ್ದೇ, ಆದರೆ ಅಲ್ಲಿ ಅಂಕದ ಲೆಕ್ಕ ಬೆನ್ನು ಬಿಡುವುದಿಲ್ಲ. ಮೈದಾನ ನವೀಕರಣಗೊಂಡಾಗ ಹಳೆಯ ಅಂಕಗಳೊಡನೆ ಹೋಲಿಕೆ ತಪ್ಪುತ್ತದೆ, ಆಟ ಮಾತ್ರ ಉಳಿಯುತ್ತದೆ. ಇದು ನಷ್ಟವಲ್ಲ, ಬಿಡುಗಡೆ.

ಆಟವೆಂದರೆ ನಿಯಮವೂ ಇರುತ್ತದೆ; ನಿಯಮ ಈ ಬಿಡುಗಡೆಗೆ ಅಡ್ಡಿಯೇ? ಉತ್ತರದ ಸುಳಿವು ನಾಟಕವೊಂದರಲ್ಲಿದೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿಗೆ ಬಂದ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು; ಅದು 1884ರಲ್ಲಿ ಪ್ರಕಟವಾಯಿತು. ಅದರಲ್ಲಿ ಲೋಕವನ್ನು ತೊರೆದ ಸಂನ್ಯಾಸಿಯನ್ನು ಅನಾಥ ಹುಡುಗಿಯೊಬ್ಬಳ ಅಕ್ಕರೆ ಮರಳಿ ಲೋಕಕ್ಕೆ ಕರೆತರುತ್ತದೆ. ಅನಂತ ಅವನಿಗೆ ಸೀಮೆಯೊಳಗೇ ಸಿಗುತ್ತದೆ. ಆಟದ ನಿಯಮವೂ ಒಪ್ಪಿ ಹಾಕಿಕೊಂಡ ಅಂಥ ಸೀಮೆ.