ದಪ್ಪ ಆಯಿಲ್ ಹಾಕಿದರೆ ಸಾಕೆ?

ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೂ ಹಾಸನ, ಶಿವಮೊಗ್ಗದಂಥ ಊರುಗಳಲ್ಲಿ ಅದು ಇನ್ನೂ ಕಣ್ಣಿಗೆ ಬೀಳುತ್ತಲೇ ಇರುತ್ತದೆ. 15 ವರ್ಷ ತುಂಬಿ, ಆರ್‌ಟಿಒದಲ್ಲಿ ಮತ್ತೆ 5 ವರ್ಷಕ್ಕೆ ಆರ್‌ಸಿ ಮಾಡಿಸಿಕೊಂಡು, ಲಕ್ಷ ಕಿಲೋಮೀಟರ್ ಎಂದೋ ದಾಟಿದ ಗಾಡಿಗಳು. ಇಂಥ ಗಾಡಿ ಗ್ಯಾರೇಜಿಗೆ ಹೋದಾಗ ಬರುವ ಸಲಹೆ ಸಾಮಾನ್ಯವಾಗಿ ಒಂದೇ: "ಹಳೇ ಇಂಜಿನ್ ಸಾರ್, ಇನ್ಮೇಲೆ ದಪ್ಪ ಆಯಿಲ್ ಹಾಕಿ."

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಸವೆದ ಬೇರಿಂಗುಗಳ ನಡುವೆ ಸಂದು ಹಿಗ್ಗಿರುತ್ತದೆ. ತೆಳು ಆಯಿಲ್ ಅಲ್ಲಿಂದ ಬೇಗ ಜಾರಿ ಒತ್ತಡ ಇಳಿಯುತ್ತದೆ. ಉಳಿದರ್ಧವನ್ನು ತಿಳಿಯಲು ಡಬ್ಬದ ಮೇಲಿನ ಸಂಖ್ಯೆ ಓದಬೇಕು. 20ಡಬ್ಲ್ಯೂ-40 ಎಂದಿದ್ದರೆ, 40 ಎಂಬುದು ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ಗುರುತು. 20ಡಬ್ಲ್ಯೂ ಎಂಬುದು ಚಳಿಯಲ್ಲಿ ಅದು ಹೇಗೆ ಹರಿಯುತ್ತದೆ ಎಂಬುದರದು. ನಮ್ಮಲ್ಲೇನು ಹಿಮ ಬೀಳುತ್ತದೆಯೇ ಎಂದು ಈ ಮೊದಲ ಸಂಖ್ಯೆಯನ್ನು ಕಡೆಗಣಿಸುವವರು ಬಹಳ. ಆದರೆ ಮಡಿಕೇರಿಯ ಮುಂಜಾವಿನಲ್ಲಿ 20ಡಬ್ಲ್ಯೂ-50 ಆಯಿಲ್, ಕಾದ ಇಂಜಿನ್ನಿನಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ದಪ್ಪವಾಗಿರುತ್ತದೆ. ರಾತ್ರಿಯೆಲ್ಲ ಕೆಳಗಿಳಿದು ಕೂತದ್ದನ್ನು ಪಂಪು ಮೇಲಕ್ಕೆತ್ತಿ ಕ್ಯಾಮ್‌ವರೆಗೆ ಮುಟ್ಟಿಸಬೇಕು. ಅಷ್ಟು ಹೊತ್ತು ಲೋಹಕ್ಕೆ ಹಿಂದಿನ ದಿನದ ಪಸೆಯೇ ಗತಿ. ಹಳೆಯ ಇಂಜಿನ್ನಿಗೆ ಈ ಗಳಿಗೆ ಇನ್ನೂ ಕಷ್ಟದ್ದು.

ಹಾಗಾಗಿ ಮೊದಲು ನೋಡಬೇಕಾದದ್ದು ಗಾಡಿಯ ಜೊತೆ ಬಂದ ಕೈಪಿಡಿ. ಅದರಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ. ಹೊಗೆಯಿಲ್ಲ, ಆಯಿಲ್ ಇಳಿಯುತ್ತಿಲ್ಲ ಎಂದಾದರೆ ಓಡೋಮೀಟರಿನಲ್ಲಿ ಲಕ್ಷ ತೋರಿಸಿದ ಮಾತ್ರಕ್ಕೆ ಗ್ರೇಡ್ ಬದಲಿಸುವ ಅಗತ್ಯವೇ ಇಲ್ಲ. ಆಯಿಲ್ ಕುಡಿಯುತ್ತಿದ್ದರೆ, ಕಲಬುರಗಿಯ ಬೇಸಿಗೆಯಲ್ಲಿ ಓಡಿಸುವವರು ಕೈಪಿಡಿ ಒಪ್ಪುವಷ್ಟರಲ್ಲೇ 30ರಿಂದ 40ಕ್ಕೆ ಒಂದು ಮೆಟ್ಟಿಲು ಏರಬಹುದು. ಪ್ರೀಮಿಯರ್ ಪದ್ಮಿನಿಯಂಥ ಇನ್ನೂ ಹಳೆಯ ಗಾಡಿ ಇಟ್ಟುಕೊಂಡವರ ಲೆಕ್ಕ ಬೇರೆ. ಅವರು ಸತುವಿನ ಅಂಶ ಹೆಚ್ಚಿರುವ ಆಯಿಲ್ ಕೇಳಿ ತರಬೇಕು. ಕೆಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಹೊಸ ಕಾಲದ ಹಲವು ಆಯಿಲ್‌ಗಳಲ್ಲಿ ಅದನ್ನು ತಗ್ಗಿಸಿದ್ದಾರೆ.

ಸಿಂಥೆಟಿಕ್ ಹಾಕಿದರೆ ಲೀಕ್ ಆಗುತ್ತದೆ ಎಂಬ ಭಯವೂ ಇದೆ. ಗಡಸಾಗಿ ಬಿರುಕು ಬಿಟ್ಟ ಸೀಲಿನ ಸಂದಿಗೆ ವರ್ಷಗಳ ಜಿಡ್ಡು ಮೆತ್ತಿಕೊಂಡು ಸೋರಿಕೆ ತಡೆದಿರುತ್ತದೆ; ಹೊಸ ಆಯಿಲ್ ಆ ಜಿಡ್ಡನ್ನು ತೊಳೆದಾಗ ಬಿರುಕು ಬಯಲಾಗುತ್ತದೆ. ಹೆಚ್ಚು ಓಡಿದ ಗಾಡಿಗೆಂದೇ ಮಾಡಿದ ಆಯಿಲ್‌ಗಳಲ್ಲಿ ರಬ್ಬರನ್ನು ಮೆದುವಾಗಿಸುವ ಅಂಶ ಸೇರಿಸಿರುತ್ತಾರೆ. ಸಣ್ಣ ಜಿನುಗು ಅದರಿಂದ ತಗ್ಗೀತು, ಹರಿದ ಸೀಲು ಕೂಡದು.

ನನಗೆ ನಿಜವಾಗಿ ಕಳವಳ ತರುವುದು ಮನೆಮುಂದೆ ನಿಂತೇ ಇರುವ ಕಾರುಗಳು. ನಿವೃತ್ತರಾದ ಹಿರಿಯರು ದೇವಸ್ಥಾನಕ್ಕೆ, ಸಂತೆಗೆ, ಔಷಧಿ ಅಂಗಡಿಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸುತ್ತಾರೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಆಗಿರುವುದಿಲ್ಲ, ಆಯಿಲ್ ಏಕೆ ಬದಲಿಸಬೇಕು ಎಂಬ ಲೆಕ್ಕ. ಅಷ್ಟು ಸಣ್ಣ ಓಡಾಟದಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ, ಉರಿಯದೆ ಉಳಿದ ಪೆಟ್ರೋಲ್ ಎರಡೂ ಅದರಲ್ಲೇ ಸೇರಿಕೊಳ್ಳುತ್ತವೆ. ಘಾಟಿ ಹತ್ತಿಳಿಯುವ ಗಾಡಿಯ ಆಯಿಲ್‌ಗಿಂತ ಇದು ಬೇಗ ಕೆಡುತ್ತದೆ. ಇಂಥ ಗಾಡಿಗೆ ಕಿಲೋಮೀಟರ್ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಲೇಬೇಕು.

ಡಿಪ್‌ಸ್ಟಿಕ್ ನೋಡುವ ರೂಢಿ ಬಿಟ್ಟುಹೋಗುತ್ತಿರುವುದೂ ಬೇಸರದ ಸಂಗತಿ. ಪುಟ್ಟ ಕಾರಿನ ಇಂಜಿನ್ನಿಗೆ ಹಿಡಿಯುವುದೇ ಸುಮಾರು ಮೂರು ಲೀಟರ್. ಅದರಲ್ಲಿ ಒಂದು ಲೀಟರ್ ಇಳಿದರೆ ಎಷ್ಟು ದುಬಾರಿ ಆಯಿಲ್ ಇದ್ದರೂ ಇಂಜಿನ್ ಉಳಿಯುವುದು ಕಷ್ಟ. ಸಮನೆಲದಲ್ಲಿ ನಿಲ್ಲಿಸಿ, ತಣಿದ ಮೇಲೆ ಎಳೆದು ಒರೆಸಿ, ಮತ್ತೆ ಅದ್ದಿ ನೋಡಲು ಎರಡು ನಿಮಿಷ ಸಾಕು.

ಎಮಿಷನ್ ಟೆಸ್ಟ್ ಹತ್ತಿರ ಬಂದಾಗ ದಪ್ಪ ಆಯಿಲ್ ಸುರಿದು ನೀಲಿ ಹೊಗೆ ಅಡಗಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೆ ಹೆಚ್ಚಾಗಿ ವಾಲ್ವ್ ಸೀಲು ಹೋಗಿರುತ್ತದೆ. ಏರು ಹತ್ತುವಾಗ ಬಂದರೆ ರಿಂಗು ಸವೆದಿರುತ್ತದೆ. ಸೀಲು ಬದಲಿಸುವ ಖರ್ಚು ಇಂಜಿನ್ ಬೋರ್ ಮಾಡಿಸುವ ಖರ್ಚಿನ ಮುಂದೆ ಏನೂ ಅಲ್ಲ. ಬೆಳಗಿನ ಹೊಗೆ ಕಂಡ ತಿಂಗಳಲ್ಲೇ ಅದನ್ನು ಮಾಡಿಸಿಬಿಡಬೇಕು.